ಆ ಮೈನಸ್ ಗುರ್ತು

ಹೋದ ವಾರ ರಾತ್ರಿ ಊಟ ಆದಮ್ಯಾಲೆ ನನ್ನ ಮಗಳು ಫಿಜಿಕ್ಸ್ ನೋಟ್‌ಬುಕ್ ತಗೊಂಡು ಬಂದು ನನ್ನ ಮುಂದ ಇಟ್ಲು. ಪಿಯುಸಿ ಸೆಕೆಂಡ್ ಇಯರ್, ಸೈನ್ಸ್, ಮರುದಿನ ಹೋಮ್‌ವರ್ಕ್ ತೋರಸ್ಬೇಕಿತ್ತು. ಲೆಕ್ಕ ಹಿಂಗಿತ್ತು: 200 ಸುತ್ತಿನ ಒಂದು ಕಾಯಿಲ್, ಸುತ್ತಿನ ವಿಸ್ತೀರ್ಣ 10 ಚದರ ಸೆಂಟಿಮೀಟರ್, ಅದರೊಳಗ ನೆಟ್ಟಗ ಹಾಯೋ ಮ್ಯಾಗ್ನೆಟಿಕ್ ಫೀಲ್ಡ್ 0.05 ಟೆಸ್ಲಾ, ಅದು 0.1 ಸೆಕೆಂಡಿನ್ಯಾಗ ಸೊನ್ನೆಗೆ ಇಳೀತೈತಿ, ಹಂಗಾದ್ರ ಕಾಯಿಲ್‌ನ್ಯಾಗ ಹುಟ್ಟೋ ಇಎಂಎಫ್, ಅಂದ್ರ ವೋಲ್ಟೇಜು, ಎಷ್ಟು. ಆಕಿ ಮೈನಸ್ 0.1 ವೋಲ್ಟ್ ಅಂತ ಬರದಿದ್ಲು. ಹಿಂದ ಕೊಟ್ಟಿದ್ದ ಉತ್ತರ ಬರೇ 0.1.

"ಅಪ್ಪಾ, ಫಾರ್ಮುಲಾದಾಗ ಮೈನಸ್ ಐತಿ, ಉತ್ತರದಾಗ ಯಾಕಿಲ್ಲ?"

ನಾ ಮೊಬೈಲ್ ನೋಡಕೋತನ "ಅದನ್ನ ತಗದು ಬಿಡವಾ, ನಂಬರ್ ಅಷ್ಟ ಬರಿ, ಮಾರ್ಕ್ಸ್ ಕೊಡ್ತಾರ" ಅಂದುಬಿಟ್ಟೆ. ಆಕಿ ಸುಮ್ನಾಗಲಿಲ್ಲ. "ತಗದು ಬಿಡೂದಿದ್ರ ಹಾಕಿದ್ಯಾಕ?" ಅಂದ್ಲು. ಬ್ಯಾಂಕಿನ್ಯಾಗ ದಿನಾ ಡೆಬಿಟ್ಟು ಕ್ರೆಡಿಟ್ಟು ನೋಡಿ ಹೊಟ್ಟಿ ಹೊರಕೊಳ್ಳೋ ಮನಶ್ಯಾ ನಾನು, ನಾನ ಮೈನಸ್ ತಗದು ಬಿಡು ಅಂತ ಹೇಳಿದ್ದು ನನಗ ಸ್ವಲ್ಪ ಹೊತ್ತಾದಮ್ಯಾಲೆ ಚುಚ್ಚಾಕ ಹತ್ತಿತು. ಯಾಕಂದ್ರ ಮೂವತ್ತು ವರ್ಷದ ಹಿಂದ ಗದಗಿನ್ಯಾಗ ನಾನೂ ಅದ ಮೈನಸ್‌ನ ಹಿಂಗ ದಾಟಕೊಂಡು ಬಂದಾಂವ, ಒಂದ ಸಲನೂ ತಿರುಗಿ ನೋಡಿದಾಂವ ಅಲ್ಲ.

ಆಮ್ಯಾಲೆ ಇಬ್ರೂ ಕುಂತು ನೋಡಿದ್ವಿ. ಫೀಲ್ಡ್ ಕಡಿಮಿ ಆಗಾಕತ್ತೈತಿ, ಅಂದ್ರ ಫ್ಲಕ್ಸಿನ (ಫೀಲ್ಡನ್ನ ವಿಸ್ತೀರ್ಣಕ್ಕ ಗುಣಿಸಿದ್ದು) ಬದಲಾವಣಿನ ಮೈನಸ್, 5 × 10⁻⁵ ವೆಬರ್ ಇಳದೈತಿ, ಅದನ್ನ 200 ಸುತ್ತಿಗೆ ಗುಣಿಸಿ 0.1ರಿಂದ ಭಾಗಿಸಿದ್ರ ಮೈನಸ್ 0.1 ಬರ್ತೈತಿ, ಅದರ ಮುಂದ ಫಾರ್ಮುಲಾದ ಮೈನಸ್, ಎರಡು ಮೈನಸ್ ಕೂಡಿ ಪ್ಲಸ್. ಆಕಿ ಒಂದ ಮೈನಸ್ ನೋಡಿದ್ಲು, ನಾ ಒಂದನ್ನೂ ನೋಡಿದ್ದಿಲ್ಲ. ಲೆಕ್ಕ ಮುಗೀತು, ಆಕಿ ಮಲಗಿದ್ಲು, ನನಗ ನಿದ್ದಿ ಬರಲಿಲ್ಲ.

ನಾ ಹತ್ತನೇತ್ತಾ ತನಕ ಕನ್ನಡ ಮೀಡಿಯಂ. ನಮಗ ಇದು ವಿದ್ಯುತ್ಕಾಂತೀಯ ಪ್ರೇರಣೆ. ಪ್ರೇರಣೆ ಅಂದ್ರ ಒಬ್ರನ್ನ ನೋಡಿ ಇನ್ನೊಬ್ರಿಗೆ ಹುರುಪು ಬರೂದು, ಅದಕ್ಕ ನಾ ಭಾಳ ದಿನ ತಿಳ್ಕೊಂಡಿದ್ದು ಏನಂದ್ರ ಮ್ಯಾಗ್ನೆಟ್ ನೋಡಿ ತಂತಿಗೆ ಹುರುಪು ಬರ್ತೈತಿ ಅಂತ. ಈಗ ಅನಸ್ತೈತಿ, ಅದೇನ್ ಅಷ್ಟು ತಪ್ಪು ತಿಳುವಳಿಕಿ ಅಲ್ಲ. ಮ್ಯಾಗ್ನೆಟ್ಟಿಗೆ ನಮ್ಮಲ್ಲಿ ಎಷ್ಟ್ ಹೆಸರು ನೋಡ್ರಿ: ಪುಸ್ತಕದಾಗ ಅಯಸ್ಕಾಂತ, ಅಂದ್ರ ಕಬ್ಬಿಣದ ಕಾಂತ, ಕಬ್ಬಿಣದ ಗಂಡ; ಹಳೇ ಮಂದಿ ಬಾಯಾಗ ಸೂಜಿಗಲ್ಲು; ನಮ್ಮಜ್ಜಿ ಲೋಹಚುಂಬಕ ಅಂತಿದ್ಲು. ನಾವು ಹುಡುಗ್ರು ಕೆಟ್ಟ ಸ್ಪೀಕರ್ ಒಡದು ಒಳಗಿನ ಗುಂಡಗಿನ ಮ್ಯಾಗ್ನೆಟ್ ತಗದು, ಅದಕ್ಕ ದಾರ ಕಟ್ಟಿ ಉಸುಕಿನ್ಯಾಗ ಎಳಕೊಂಡು ಹೊಂಟ್ರ ಕರೇ ಉಸುಕು ಮೀಸಿ ಬಂದಂಗ ಹತ್ಕೊಂಡು ಬರೂದು. ಅದನ್ನ ಕಾಗದದ ಮ್ಯಾಲೆ ಉದುರಿಸಿ ಕೆಳಗ ಮ್ಯಾಗ್ನೆಟ್ ಆಡಿಸೂದು. ಅದಕ್ಕ ಹೋಮ್‌ವರ್ಕ್ ಅಂತ ಯಾರೂ ಹೆಸರಿಟ್ಟಿದ್ದಿಲ್ಲ, ಹಿಂಗಾಗಿ ಭಾಳ ಚಂದ ಇತ್ತು.

ಪಿಯುಸಿಗೆ ಬಂದ ಮ್ಯಾಲೆ ಎಲ್ಲಾ ಇಂಗ್ಲಿಷು, ಪ್ರೇರಣೆ ಹೋಗಿ ಇಂಡಕ್ಷನ್ ಬಂತು, ಹುರುಪೂ ಅದರ ಜೋಡಿನ ಹೋತು. ಉಳದಿದ್ದು ಕರೆಂಟು, ಫೀಲ್ಡು ಯಾಕಡೆ ಅಂತ ನೋಡಾಕ ಕೈ ತಿರುವೂದು. ಈ ಪಾಠದ ಟೆಸ್ಟ್ ಇದ್ದಾಗ ನೀವು ಕ್ಲಾಸಿನ ಬಾಗಲದಾಗ ನಿಂತು ನೋಡ್ಬೇಕು, ಅರವತ್ತು ಹುಡುಗ್ರು ಒಬ್ಬೊಬ್ರು ಒಂದೊಂದ್ ನಮೂನಿ ಮಣಿಕಟ್ಟು ತಿರುವಿಕೊಂಡು, ಹೆಬ್ಬೆರಳು ಮ್ಯಾಲೆ ಮಾಡಿ, ಬಯಲಾಟದವ್ರು ಕುಂತಂಗ ಕುಂತಿರ್ತಾರ. ನನಗ ಬಲಗೈ ನಿಯಮದ ಉತ್ತರ ಯಾವಾಗಲೂ ಉಲ್ಟಾ ಬರೂದು. ಯಾಕ ಅಂತ ತಿಳ್ಯಾಕ ಒಂದು ವರ್ಷ ಹಿಡೀತು: ಬಲಗೈಯಾಗ ಪೆನ್ ಇರ್ತಿತ್ತು, ಖಾಲಿ ಇದ್ದ ಎಡಗೈ ತಿರುವಿ ಉತ್ತರ ಬರೀತಿದ್ದೆ. ನಗಬ್ಯಾಡ್ರಿ, ಈ ತಪ್ಪು ಮಾಡಿದಾಂವ ನಾ ಒಬ್ಬನ ಅಲ್ಲ ಅನ್ನೂದು ಮೊನ್ನೆ ಮಗಳನ್ನ ನೋಡಿ ಖಾತ್ರಿ ಆತು.

ಒಂದು ಲೆಕ್ಕ ಮಾತ್ರ ನನಗ ಇವತ್ತಿಗೂ ನೆನಪೈತಿ. 10 ಆಂಪಿಯರ್ ಹರಿಯೋ ನೆಟ್ಟಗಿನ ತಂತಿಯಿಂದ 5 ಸೆಂಟಿಮೀಟರ್ ದೂರದಾಗ ಫೀಲ್ಡ್ ಎಷ್ಟು. ಉತ್ತರ 4 × 10⁻⁵ ಟೆಸ್ಲಾ, ಅಂದ್ರ 40 ಮೈಕ್ರೋಟೆಸ್ಲಾ. ನಮ್ಮ ಭಾಗದಾಗ ಭೂಮಿದು ಅಡ್ಡ ಹಾಯೋ ಫೀಲ್ಡೂ ಹೆಚ್ಚುಕಡಿಮಿ ಅಷ್ಟ. ಇಡೀ ಭೂಮಿ ಕೂಡಿ ದಿಕ್ಸೂಚಿ ಸೂಜಿನ್ನ ಎಷ್ಟು ಜಗ್ತೈತಿ, ನಮ್ಮನಿ ಗೀಸರಿನ ವೈರಿನ ಒಂದ ಎಳಿ ಅದನ್ನ ಹತ್ರ ಹಿಡಿದ್ರ ಅಷ್ಟ ಜಗ್ತೈತಿ! (ಮನಿ ಕರೆಂಟು ಸೆಕೆಂಡಿಗೆ 50 ಸಲ ಹೋಗಿ ಬರ್ತೈತಿ, ಅದಕ್ಕ ಸೂಜಿ ಪಾಪ ಎತ್ತಾಗ ತಿರುಗ್ಬೇಕು ಅಂತ ತಿಳೀದ ನಿಂತಲ್ಲೇ ನಿಲ್ತೈತಿ, ಬ್ಯಾಟರಿ ಕರೆಂಟಾದ್ರ ತಿರುಗ್ತೈತಿ.) 1820ರಾಗ ಕೋಪನ್‌ಹೇಗನ್ನಿನ್ಯಾಗ ಅರ್ಸ್ಟೆಡ್ ಅನ್ನೋ ವಿಜ್ಞಾನಿ ನೋಡಿದ್ದೂ ಇದನ್ನ, ತಂತಿಗೆ ಕರೆಂಟ್ ಬಿಟ್ಟ ಕೂಡ್ಲೆ ಬಾಜೂಕಿದ್ದ ಸೂಜಿ ಅಲಗಾಡಿತು.

ಈಗ ನಮ್ಮಪ್ಪನ ವಿಷಯಕ್ಕ ಬರ್ತೀನಿ. ನಮ್ಮಪ್ಪಂದು ಗದಗ-ಬೆಟಗೇರಿ ನಡುವ ಮೋಟಾರ್ ರಿವೈಂಡಿಂಗ್ ಅಂಗಡಿ ಇತ್ತು. ಹತ್ತಡಿ ಬೈ ಹನ್ನೆರಡಡಿ, ಒಳಗ ಕಾಲಿಟ್ರ ವಾರ್ನಿಷ್ ವಾಸನಿ, ಸುಟ್ಟ ಮೋಟಾರ್ ಬಂದ ದಿನ ಅದರ ಮ್ಯಾಲೆ ಸುಟ್ಟ ವಾಸನಿ. ರೋಣ, ಮುಂಡರಗಿ ಕಡಿಂದ ರೈತ್ರು ಪಂಪ್‌ಸೆಟ್ಟಿನ ಮೋಟಾರು ಟ್ರ್ಯಾಕ್ಟರ್‌ನ್ಯಾಗ ಹಾಕ್ಕೊಂಡು ಬರೂವ್ರು, ಬೆಟಗೇರಿ ಮಗ್ಗದವ್ರದೂ ಬರೂವು. ಬ್ಯಾಸಗಿ ಬಂತಂದ್ರ ಅಂಗಡಿ ಮುಂದ ಸಾಲು. ವೋಲ್ಟೇಜ್ ಇರೂದಿಲ್ಲ, ಇಲ್ಲಾ ಮೂರು ಫೇಸಿನ್ಯಾಗ ಒಂದು ಫೇಸ್ ಹೋಗಿರ್ತೈತಿ, ರೈತಗ ನೀರು ಬೇಕು, ಮೋಟಾರು ಚಾಲೂ ಮಾಡ್ತಾನ, ಅದು ತಿರುಗಲಾರದ ಹೂಂ ಅಂತ ನಿಂತು ನಿಂತು ಸುಡ್ತೈತಿ. ಅಪ್ಪ ಸುಟ್ಟ ತಂತಿ ಕಿತ್ತು, ಸ್ಲಾಟ್ ಕೆರದು ಸ್ವಚ್ಛ ಮಾಡಿ, ಇನ್ಸುಲೇಶನ್ ಪೇಪರ್ ಮಡಚಿ ತುರುಕಿ, ಗೇಜ್ ನೋಡಿ ಎನಾಮಲ್ ವೈರ್ ಸುತ್ತಿ, ಕಾಯಿಲ್ ಒಂದೊಂದ ಇಳಿಸಿ ಮ್ಯಾಲೆ ಬಿದಿರಿನ ಕಡ್ಡಿ ಬಡದು ಕುಂದ್ರಸೂದು, ಇದ ಕೆಲಸ ನಲವತ್ತು ವರ್ಷ. ಏಳನೇತ್ತಾ ಓದಿದ ಮನಶ್ಯಾ. ಈ ಪಾಠದ ನಿಯಮ ಹೇಳಿದ ವಿಜ್ಞಾನಿಗಳು ಫ್ಯಾರಡೆ ಯಾರು ಲೆಂಜ್ ಯಾರು ಅವಗ ಗೊತ್ತಿದ್ದಿಲ್ಲ.

ಪಿಯುಸಿ ಓದೂವಾಗ ಒಂದಿನ ಅಂಗಡ್ಯಾಗ ಒಂದು ಎಚ್‌ಪಿ ಮೋಟಾರಿನ ರನ್ನಿಂಗ್ ಕಾಯಿಲಿಗೆ ಮೀಟರ್ ಹಚ್ಚಿ ನೋಡಿದೆ, ನಾಕು ಓಮ್ ತೋರಿಸ್ತು. ಹೊಸದಾಗಿ ಕಲ್ತ ಓಮನ ನಿಯಮ ಹಚ್ಚಿದೆ, 230ನ್ನ 4ರಿಂದ ಭಾಗಿಸಿದ್ರ 57 ಆಂಪಿಯರ್ ಮ್ಯಾಲೆ. ಆದ್ರ ಅದ ಮೋಟಾರು ಓಡೂವಾಗ ಎಳಕೊಳ್ಳೂದು ಆರೇಳು ಆಂಪಿಯರ್ ಅಷ್ಟ. ಉಳದದ್ದು ಎಲ್ಲಿ ಹೋತು? ಅಪ್ಪನ್ನ ಕೇಳಿದೆ. ಅಂವ ತಲಿ ಎತ್ತಲಿಲ್ಲ, ಕಾಯಿಲ್ ಕಟ್ಕೋತನ ಹೇಳಿದ:

"ಓಡೋ ಮೋಟಾರು ಕರೆಂಟಿಗೆ ಎದುರಾಡ್ತೈತಿ. ಅದಕ್ಕ ಕರೆಂಟು ಅಂಜಿ ಸ್ವಲ್ಪ ಬರ್ತೈತಿ. ನಿಂತ ಮೋಟಾರಿಗೆ ಎದುರಾಡೂ ಬಾಯಿ ಸಣ್ಣದು, ಬಂದಷ್ಟೂ ತಿಂತೈತಿ, ತಿಂದು ಸುಡ್ತೈತಿ."

ನಾ ಆವಾಗ ಒಳಗೊಳಗ ನಕ್ಕೆ. ಕಾಲೇಜಿಗೆ ಹೋಗೋ ಹುಡುಗ ನೋಡ್ರಿ. ಪುಸ್ತಕದಾಗ ಅದಕ್ಕ ಬ್ಯಾಕ್ ಇಎಂಎಫ್ ಅಂತಾರ, ಕಾಯಿಲಿನ ಒಳಗ ಫ್ಲಕ್ಸ್ ಬದಲಾದಾಗ ಅದರಾಗ ಹುಟ್ಟೋ ವೋಲ್ಟೇಜು ಹೊರಗಿನ ಸಪ್ಲೈಗೆ ಅಡ್ಡ ನಿಲ್ತೈತಿ, ಮೋಟಾರು ಜಾಮಾಗಿ ನಿಂತ್ರ ಆ ಅಡ್ಡಿ ಭಾಳ ಕಡಿಮಿ ಆಗಿ ಕರೆಂಟು ಐದಾರು ಪಟ್ಟು ಏರ್ತೈತಿ, ಹಂಗ ಬಿಟ್ರ ವೈಂಡಿಂಗ್ ಸುಡ್ತೈತಿ. ಇದನ್ನೆಲ್ಲಾ ನಾ ಪರೀಕ್ಷಾದಾಗ ಬರದು ಮಾರ್ಕ್ಸ್ ತಗೊಂಡೆ. ಅಪ್ಪ ಹೇಳಿದ್ದೂ ಅದ, ಪುಸ್ತಕದ್ದೂ ಅದ, ಫಾರ್ಮುಲಾದ ಮುಂದಿನ ಆ ಸಣ್ಣ ಅಡ್ಡಗೆರಿನೂ ಅದ ಅಂತ ನನಗ ಹೊಳದಿದ್ದು ಮೂವತ್ತು ವರ್ಷ ಬಿಟ್ಟು, ಹೋದ ವಾರ ರಾತ್ರಿ, ಹಾಸಿಗ್ಯಾಗ ಬಿದ್ಕೊಂಡಾಗ. ಮೈನಸ್ ಅಂದ್ರ ಎದುರಾಡೂದು!

ಮರುದಿನ ಅಪ್ಪಗ ಫೋನ್ ಹಚ್ಚಿದೆ. ಹೆಂಗೂ ಕಣ್ಣು ತೋರಸಾಕ ಹುಬ್ಬಳ್ಳಿಗೆ ಬರೂವಾ ಇದ್ದ, ಎರಡು ದಿನ ಮೊದಲ ಬಾ ಅಂದೆ. ಮೊಮ್ಮಗಳ ಹೋಮ್‌ವರ್ಕ್ ಅಂದಕೂಡ್ಲೆ "ನನಗೇನ್ ಬರ್ತೈತೋ ತಮ್ಮಾ" ಅಂದ, ಆದ್ರ ಬರೂವಾಗ ಚೀಲದಾಗ ಒಂದು ಹಳೇ ಮೋಟಾರಿನ ಸ್ಟೇಟರ್ (ತಿರುಗಲಾರದ ಹೊರಗಿನ ಭಾಗ), ಒಂದು ಬೇರಿಂಗ್ ಗುಂಡು, ಅರ್ಧ ಮೀಟರ್ ತಾಮ್ರದ ಎಸಿ ಪೈಪು ತಂದಿದ್ದ. ಆ ಪೈಪಿಗೆ ಬೀಳೂವಂಥ ಸಣ್ಣ ಬಿಲ್ಲಿ ಮ್ಯಾಗ್ನೆಟ್ ಮಗಳು ಮೊದಲ ಆನ್‌ಲೈನ್ ತರಿಸಿದ್ಲು.

ಪೈಪಿನದು ಎಲ್ರಿಗೂ ಗೊತ್ತಿರೂದ. ಪೈಪಿನ್ಯಾಗ ಅಷ್ಟ ದಪ್ಪಿನ ಒಂದು ಕಬ್ಬಿಣದ ನಟ್ ಬಿಟ್ರ ಟಣ್ ಅಂತ ಬೀಳ್ತೈತಿ, ಅರ್ಧ ಮೀಟರಿಗೆ 0.32 ಸೆಕೆಂಡು, ಲೆಕ್ಕಾ ಮಾಡಿ ನೋಡ್ರಿ. ಮ್ಯಾಗ್ನೆಟ್ ಬಿಟ್ರ ಅದು ಎಣ್ಣಿಯೊಳಗ ಇಳದಂಗ ಇಳೀತೈತಿ, ಒಂದು ಎರಡು ಅಂತ ಎಣಿಸಬಹುದು. ತಾಮ್ರಕ್ಕ ಮ್ಯಾಗ್ನೆಟ್ ಹತ್ತಂಗಿಲ್ಲ, ಹಚ್ಚಿ ನೋಡಿದ್ರ ಜಾರಿ ಬೀಳ್ತೈತಿ, ಆದ್ರೂ ಬೀಳೂವಾಗ ತಡೀತೈತಿ. ಮ್ಯಾಗ್ನೆಟ್ ಬರಾಕತ್ತೈತಿ ಅಂತ ಅದರ ಕೆಳಗಿನ ತಾಮ್ರದಾಗ ಕರೆಂಟು ಗುಂಡಗ ಹರದು ಬರಬ್ಯಾಡ ಅಂತ ದಬ್ತೈತಿ, ಹೋಗಾಕತ್ತೈತಿ ಅಂತ ಅದರ ಮ್ಯಾಲಿನ ತಾಮ್ರದಾಗ ಹರಿಯೋ ಕರೆಂಟು ಹೋಗಬ್ಯಾಡ ಅಂತ ಜಗ್ತೈತಿ. ಬಂದ್ರೂ ಬ್ಯಾಡ, ಹೋದ್ರೂ ಬ್ಯಾಡ. ನಮ್ಮಾಕಿ ಅಡಗಿಮನ್ಯಾಗಿಂದ "ಅತ್ತಿ ಮನಿ ಇದ್ದಂಗೈತಿ" ಅಂದ್ಲು, ಅಪ್ಪ ಕೇಳಿಸಲಾರದವ್ರಂಗ ಕುಂತ.

"ಅಜ್ಜಾ, ತಡೀದ ಬ್ಯಾಡ, ಎಳಕೊಂಡ್ರ ಏನಾಕ್ಕೈತಿ?" ಅಂತ ಮಗಳು ಕೇಳಿದ್ಲು. ಅಂದ್ರ ಆ ಮೈನಸ್ ಇರಲಾರದ ಪ್ಲಸ್ ಇದ್ದಿದ್ರ.

ಅಪ್ಪ ಸ್ವಲ್ಪ ಹೊತ್ತು ಪೈಪು ನೋಡಿದ. "ಹಂಗಿದ್ರ ಒಮ್ಮೆ ದಬ್ಬಿದ್ರ ಸಾಕು, ತಾನ ಓಡ್ತಿತ್ತು, ಇನ್ನೂ ಜೋರ್ ಓಡ್ತಿತ್ತು, ಕರೆಂಟೂ ಕೊಡ್ತಿತ್ತು. ಬಿಲ್ಲು ಕಟ್ಟೂ ಕೆಲಸ ಇರತಿದ್ದಿಲ್ಲ" ಅಂದ. ಆಮ್ಯಾಲೆ ಸೈಕಲ್ ಡೈನಮೋ ಮಾತು ತಗದ. ಹಳೇ ಸೈಕಲ್ಲಿಗೆ ಟೈರಿಗೆ ಒತ್ತಿ ತಿರುಗೋ ಡೈನಮೋ ಇರ್ತಿತ್ತು, ಬಲ್ಬು ಹೊತ್ತಿತಂದ್ರ ಪೆಡಲ್ ಭಾರ, ಬಲ್ಬು ಸುಟ್ಟು ಹೋದ ದಿನ ಸೈಕಲ್ ಹಗುರ. ಡೈನಮೋ ಟೈರಿಗೆ ಒತ್ತಿದ್ದು ಅಷ್ಟ, ತಿರುಗಿದ್ದೂ ಅಷ್ಟ, ಆದ್ರ ಕರೆಂಟು ಹರೀಲಿಲ್ಲಂದ್ರ ಎದುರಾಡೋರ ಇಲ್ಲ. ಕಪ್ಪತಗುಡ್ಡದ ಮ್ಯಾಲೆ ಗಾಳಿ ಫ್ಯಾನ್ ತಿರುಗ್ತಾವಲ್ಲ, ಅವಕ್ಕೂ ಇದ ಕಥಿ, ಊರಾಗ ದೀಪ ಹತ್ತಿದಷ್ಟೂ ರೆಕ್ಕಿಗೆ ಭಾರ, ಆ ಭಾರನ ಗಾಳಿ ಹೊರ್ತೈತಿ. ಪುಸ್ತಕದಾಗ ಇದನ್ನ ಎರಡ ಸಾಲಿನ್ಯಾಗ ಮುಗಿಸಿರ್ತಾರ: ಹುಟ್ಟೋ ಕರೆಂಟು ತನ್ನ ಹುಟ್ಟಿಸಿದ ಬದಲಾವಣಿಗೆ ಎದುರಾಡ್ತೈತಿ ಅಂತ 1834ರಾಗ ಲೆಂಜ್ ಹೇಳಿದ, ಶಕ್ತಿ ಸಂರಕ್ಷಣಾ ನಿಯಮಕ್ಕ ಹೊಂದತೈತಿ, ಅಷ್ಟ. ಆ ಎರಡು ಸಾಲಿನ ಒಳಗ ಪೆಡಲ್ ತುಳದ ಕಾಲು ನೋವು ಎಲ್ಲೂ ಇಲ್ಲ.

ಆಮ್ಯಾಲೆ ಸ್ಟೇಟರಿನ ಆಟ. ಇದು ರಿವೈಂಡಿಂಗ್ ಮಾಡೂವ್ರು ಮೂರು ಫೇಸಿನ ಕಾಯಿಲ್ ಬರೋಬ್ಬರಿ ಕೂಡಿಸೇವೋ ಇಲ್ಲೋ ಅಂತ ನೋಡೂ ಪದ್ಧತಿ: ಒಳಗ ತಿರುಗೋ ರೋಟರ್ ಹಾಕಲಾರದ ಖಾಲಿ ಸ್ಟೇಟರ್ ಒಳಗ ಒಂದು ಬೇರಿಂಗ್ ಗುಂಡು ಬಿಟ್ಟು ಕಡಿಮಿ ವೋಲ್ಟೇಜು ಕೊಡೂದು. ಎಲ್ಲಾ ಸರಿ ಇದ್ರ ಗುಂಡು ಒಳಗಿನ ಗೋಡಿ ಹಿಡದು ಗರಗರ ಸುತ್ತತೈತಿ, ಯಾವದರ ಕಾಯಿಲ್ ಉಲ್ಟಾ ಇದ್ರ ನಡುಗಿ ನಿಲ್ತೈತಿ. ಮನ್ಯಾಗ ಮೂರು ಫೇಸ್ ಇಲ್ಲ, ನಾ ಮಾಡಗೊಡಲಿಲ್ಲ (ಯಾರೂ ಮನ್ಯಾಗ ಮಾಡಾಕ ಹೋಗಬ್ಯಾಡ್ರಿ), ಅಪ್ಪ ಬರೇ ಬೆರಳಿಲೆ ಗುಂಡು ತಿರುವಿ ತೋರಿಸಿದ. ನಾ ಸಣ್ಣಾಂವಿದ್ದಾಗ ಅದನ್ನ ನೋಡಾಕಂತನ ಸಾಲಿ ಬಿಟ್ಟ ಕೂಡ್ಲೆ ಅಂಗಡಿಗೆ ಓಡ್ತಿದ್ದೆ. ಯಾರೂ ಮುಟ್ಟಿಲ್ಲ, ಏನೂ ಕಾಣಂಗಿಲ್ಲ, ಗುಂಡು ಮಾತ್ರ ಸುತ್ತತೈತಿ. ತಿರುಗೋ ಮ್ಯಾಗ್ನೆಟಿಕ್ ಫೀಲ್ಡ್ ಅನ್ನೂ ಮಾತು ಮುಂದ ಪುಸ್ತಕದಾಗ ಬಂದಾಗ ಎಲ್ಲಾ ಹುಡುಗ್ರೂ ಬಾಣದ ಗುರ್ತಿನ ಚಿತ್ರ ಬಾಯಿಪಾಠ ಮಾಡಿದ್ರು, ನನಗ ಆ ಗುಂಡಿನ ಸಪ್ಪಳ ಕೇಳಿತು. ಆ ಒಂದ ಪ್ರಶ್ನೆಗೆ ನನಗ ಪೂರ್ತಿ ಮಾರ್ಕ್ಸ್ ಬಂದಿದ್ವು.

ಹಂಗಂತ ನಾ ಏನ್ ಶಾಣ್ಯಾ ಇರಲಿಲ್ಲ. ಟೆಸ್ಟಿನ್ಯಾಗ ಒಂದು ಪ್ರಶ್ನೆ: ಪ್ರೈಮರಿಗಿಂತ ಸೆಕೆಂಡರಿಯಾಗ ಹತ್ತು ಪಟ್ಟು ಸುತ್ತು ಇರೋ ಟ್ರಾನ್ಸ್‌ಫಾರ್ಮರಿಗೆ 12 ವೋಲ್ಟ್ ಬ್ಯಾಟರಿ ಹಚ್ಚಿದ್ರ ಆಕಡೆ ಎಷ್ಟು ಬರ್ತೈತಿ. 120 ಅಂತ ಬರದು ಖುಷಿಲೆ ಹೊರಗ ಬಂದೆ. ಉತ್ತರ ಸೊನ್ನೆ. ಬ್ಯಾಟರಿ ಕರೆಂಟು ಬದಲಾಗಂಗಿಲ್ಲ, ಬದಲಾಗಲಾರದ್ದು ಆಕಡೆ ದಾಟಂಗಿಲ್ಲ. ಹಚ್ಚೂವಾಗ ಒಂದ್ ಕ್ಷಣ, ಬಿಚ್ಚೂವಾಗ ಒಂದ್ ಕ್ಷಣ, ಅಷ್ಟ. ನಮ್ಮ ಹೊಲದ ಬಾಜೂಕಿನ ಟಿಸಿ, ಅಂದ್ರ ಕರೆಂಟಿನ ಟ್ರಾನ್ಸ್‌ಫಾರ್ಮರ್ ನೋಡ್ರಿ, 11,000 ವೋಲ್ಟ್ ಬಂದು 440ರ ಹತ್ರ ಆಗಿ ಹೊರಗ ಹೋಗ್ತೈತಿ, ಒಳಗ ಆ ಕಾಯಿಲಿಗೂ ಈ ಕಾಯಿಲಿಗೂ ತಂತಿ ಕೂಡಿಲ್ಲ, ಎಲ್ಲಾ ಬದಲಾವಣಿ ಮ್ಯಾಲ ನಡದೈತಿ.

ಮಗಳಿಗೆ ಇದನ್ನ ಹೇಳೂವಾಗ ಕೊಲಾಡನ್‌ನ ಕಥಿ ಹೇಳಿದೆ. ಜಿನೀವಾದಾಂವ, 1825ರ ಸುಮಾರಿಗೆ ಮ್ಯಾಗ್ನೆಟ್‌ನಿಂದ ಕರೆಂಟು ಬರ್ತೈತೇನ ಅಂತ ಪ್ರಯೋಗ ಮಾಡಿದ. ಭಾಳ ಹುಷಾರ್ ಮನಶ್ಯಾ, ಮ್ಯಾಗ್ನೆಟ್ಟಿನ ಜಗ್ಗಾಟ ಮೀಟರಿನ ಸೂಜಿಗೆ ತಾಕಬಾರದು ಅಂತ ಉದ್ದ ತಂತಿ ಎಳದು ಮೀಟರ್ ಬ್ಯಾರೆ ಖೋಲ್ಯಾಗ ಇಟ್ಟ. ಈ ಖೋಲ್ಯಾಗ ಕಾಯಿಲಿನೊಳಗ ಮ್ಯಾಗ್ನೆಟ್ ತುರುಕಿ, ಆ ಖೋಲಿಗೆ ನಡದು ಹೋಗಿ ನೋಡಿದ, ಸೂಜಿ ಸೊನ್ನೆದಾಗ ನಿಂತಿತ್ತು. ಅಂವ ನಡಕೊಂಡು ಹೋಗೂದ್ರಾಗ ಸೂಜಿ ಹೊಳ್ಳಿ ಬಂದುಬಿಟ್ಟಿತ್ತು. ಆರು ವರ್ಷ ಆದಮ್ಯಾಲೆ, 1831ರ ಆಗಸ್ಟ್ 29ಕ್ಕ, ಲಂಡನ್ನಿನ್ಯಾಗ ಫ್ಯಾರಡೆ ಒಂದು ಕಬ್ಬಿಣದ ಬಳಿಗೆ ಎರಡು ಕಡೆ ಕಾಯಿಲ್ ಸುತ್ತಿ, ಒಂದಕ್ಕ ಬ್ಯಾಟರಿ ಹಚ್ಚಿದಾಗ ಇನ್ನೊಂದರ ಸೂಜಿ ಅಲಗಾಡಿ ನಿಂತಿದ್ದನ್ನ, ಬಿಚ್ಚಿದಾಗ ಮತ್ತ ಅಲಗಾಡಿದ್ದನ್ನ ಕಂಡ. ಕಮ್ಮಾರನ ಮಗ, ಬುಕ್ ಬೈಂಡಿಂಗ್ ಕಲಿಯಾಕ ಅಂಗಡ್ಯಾಗಿದ್ದ ಹುಡುಗ, ಕಟ್ಟಾಕ ಬಂದ ಪುಸ್ತಕ ಓದಿ ಓದಿ ವಿಜ್ಞಾನಕ್ಕ ಬಂದಾಂವ. ಗದಗಿನ ಪ್ರಿಂಟಿಂಗ್ ಪ್ರೆಸ್ಸಿನ್ಯಾಗ ಅಂಟು ಹಚ್ಕೋತ ಕುಂತ ಹುಡುಗ್ರನ್ನ ಕಂಡಾಗೆಲ್ಲಾ ನನಗ ಅಂವ ನೆನಪಾಗ್ತಾನ.

ಅಪ್ಪಗ ಫ್ಯಾರಡೆಯ ಓದು ಬರಹ ಏನೂ ಬೇಕಾಗಲಿಲ್ಲ. ಆ ಕಾಲಕ್ಕ ಎನಾಮಲ್ ವೈರ್ ಇರಲಿಲ್ಲ, ಫ್ಯಾರಡೆ ಬತ್ತಲ ತಂತಿ ನಡುವ ಹುರಿ ಇಟ್ಟು, ಪದರಕ್ಕೊಮ್ಮೆ ಅರಿವಿ ಹಾಕಿ ಸುತ್ತಿದ್ದ ಅಂದೆ ನೋಡ್ರಿ, ಆವಾಗ ಕಿವಿ ನೆಟ್ಟಗಾದ್ವು. "ಅರಿವಿ ಹಾಕಿ? ಎಷ್ಟು ಸುತ್ತು? ಶಾರ್ಟ್ ಆಗಲಿಲ್ಲ?" ಅಂತ ಕೇಳಿ, ಆಮ್ಯಾಲೆ ತನ್ನ ಬೆರಳು ತಾನ ನೋಡ್ಕೊಂಡು "ಕೈ ಛಲೋ ಇತ್ತು ಮನಶ್ಯಾಂದು" ಅಂದ. ನಮ್ಮಪ್ಪನ ಬಾಯಾಗ ಇದಕ್ಕಿಂತ ದೊಡ್ಡ ಹೊಗಳಿಕಿ ನಾ ಕೇಳಿಲ್ಲ. ನನಗಂತೂ ಒಮ್ಮೆನೂ ಅಂದಿಲ್ಲ.

ಕಣ್ಣಿನ ಕೆಲಸ ಮುಗಿಸಿ ಐತ್ವಾರ ಅಪ್ಪನ್ನ ಗದಗಿಗೆ ಬಿಡಾಕ ಮೂವರೂ ಹೊಂಟ್ವಿ. ಹುಬ್ಬಳ್ಳಿ ಸ್ಟೇಷನ್ನಿನ ಒಂದು ಪ್ಲಾಟ್‌ಫಾರ್ಮ್ 1507 ಮೀಟರ್, ಜಗತ್ತಿನ್ಯಾಗ ಎಲ್ಲಕ್ಕಿಂತ ಉದ್ದ ಅಂತ ಹೆಮ್ಮಿ ಏನೋ ಐತಿ, ಮೊಣಕಾಲು ನೋವಿರೋ ಮುದುಕನ್ನ ಕರಕೊಂಡು ನಡೀರಿ, ಆವಾಗ ಹೇಳ್ರಿ. ಗಾಡ್ಯಾಗ ಕಿಡಕಿ ಹಿಡದು ಕುಂತ್ವಿ. ಮಗಳು ಮತ್ತ ನೋಟ್‌ಬುಕ್ ತಗದ್ಲು, ಕಡೀ ಲೆಕ್ಕ ಉಳದಿತ್ತು, ಅದೂ ರೈಲಿಂದ: ರೈಲು ತಾಸಿಗೆ 72 ಕಿಲೋಮೀಟರ್ ಓಡತೈತಿ, ಭೂಮಿಯ ಫೀಲ್ಡಿನ ನೆಟ್ಟ ಕೆಳಗ ಹೋಗೋ ಪಾಲು 1.2 × 10⁻⁵ ಟೆಸ್ಲಾ, ಹಳಿ ನಡುವಿನ ಅಂತರ 1.676 ಮೀಟರ್, ಗಾಲಿ ಅಚ್ಚಿನ ಎರಡು ತುದಿ ನಡುವ ಎಷ್ಟು ವೋಲ್ಟು. ಹೊರಗ ಅಣ್ಣಿಗೇರಿ ದಾಟಿ ಕರೇ ಹೊಲ ಹಿಂದ ಹಿಂದ ಹೊಂಟಿದ್ವು. ಮೂರೂ ಗುಣಿಸಿದ್ಲು, 20 ಮೀಟರ್ ಸೆಕೆಂಡಿಗೆ, 4 × 10⁻⁴.

"0.4 ಮಿಲಿವೋಲ್ಟ್, ಅಜ್ಜಾ. ನಾವು ಕುಂತ ಗಾಡಿ ಅಚ್ಚಿನ್ಯಾಗ ಈಗ ಹುಟ್ಟಾಕತ್ತೈತಿ."

"ಟೆಸ್ಟರೂ ಹತ್ತಂಗಿಲ್ಲ ಅಷ್ಟಕ್ಕ" ಅಂದ ಅಪ್ಪ. ಆಮ್ಯಾಲೆ ಕಣ್ಣಿನ ಪಟ್ಟಿ ಸರಿ ಮಾಡ್ಕೊಂಡು ಕೇಳಿದ, "ಪ್ಲಸ್ ಯಾವ ಕಡೆ ಹಳಿ, ಮೈನಸ್ ಯಾವ ಕಡೆ?"

ಲೆಕ್ಕದಾಗ ಅದನ್ನ ಕೇಳಿದ್ದಿಲ್ಲ. ಆಕಿ ಒಮ್ಮೆ ನನ್ನ ಮುಖ ನೋಡಿದ್ಲು, ನಾ ಕಿಡಕಿ ಹೊರಗ ನೋಡಿದೆ. ಗಾಡಿ ಮೂಡಣಕ್ಕ ಹೊಂಟೈತಿ, ಫೀಲ್ಡ್ ಕೆಳಗ. ಎಡಗೈ ಎತ್ತಿದಾಕಿ ತಡದು, ಪೆನ್ನು ಎಡಗೈಗೆ ಕೊಟ್ಟು, ಬಲಗೈ ಬಿಚ್ಚಿ ತಿರುವಿ ತಿರುವಿ ನೋಡಿದ್ಲು. ಎದುರಿಗೆ ಕುಂತಿದ್ದ ಅಜ್ಜಿ ಒಬ್ಬಾಕಿ "ಹುಡುಗಿಗೆ ಏನಾಗೈತಿ?" ಅಂತ ನನ್ನ ಕೇಳಿದ್ಲು.

"ಎಡಗಡೆ ಹಳಿ ಪ್ಲಸ್, ಅಜ್ಜಾ" ಅಂದ್ಲು ಮಗಳು, ಹುಲಕೋಟಿ ಬರೂ ಹೊತ್ತಿಗೆ.